ಎರಡು ಲಕ್ಷದ ಗ್ರಾಫಿಕ್ಸ್ ಕಾರ್ಡ್, 89 ಕ್ವಿಂಟಲ್ ಮೆಕ್ಕೆಜೋಳ: ಕೂಡ್ಲಿಗಿ–ಕೊಟ್ಟೂರು ಸೀಮೆಯಿಂದ ಒಂದು ಲೆಕ್ಕ

ಮೊನ್ನೆ ಕೊಟ್ಟೂರಿನಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ದೂರದ ಸಂಬಂಧಿ. ಬಿ.ಇ. ಮುಗಿಸಿ ಊರಲ್ಲೇ ಇದ್ದಾನೆ, ಕೆಲಸ ಹುಡುಕ್ತಾ ಇದ್ದಾನೆ.

"ಅಣ್ಣಾ, ಪಿಸಿ ಕಟ್ಟಬೇಕಂತ ಮಾಡೀನಿ. 5090 ತಗಳ್ಳಾ, 5070 ತಗಳ್ಳಾ? ಗೇಮ್ ಆಡಾಕೂ ಆಗಬೇಕು, ಬ್ಲೆಂಡರ್ ಕಲಿಯಾಕೂ ಆಗಬೇಕು."

"ರೊಕ್ಕ?"

"ಮೆಕ್ಕೆಜೋಳ ಮಾರಿದ ಮ್ಯಾಲೆ ಕೊಡ್ತೀನಿ ಅಂದಾನ ಅಪ್ಪ."

ಇಂಥ ಪ್ರಶ್ನೆಗೆ ಯೂಟ್ಯೂಬ್‌ನಲ್ಲಿ ಸಾವಿರ ಉತ್ತರ ಸಿಗುತ್ತವೆ. ಅವುಗಳಲ್ಲಿ ಬಹುಪಾಲು ಏಸಿ ರೂಮಿನಲ್ಲಿ, 4ಕೆ ಮಾನಿಟರ್ ಮುಂದೆ, ಕರೆಂಟ್ ಬಿಲ್ಲಿನ ಚಿಂತೆ ಇಲ್ಲದೆ ಕೊಟ್ಟ ಉತ್ತರಗಳು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮನೆಯೊಂದರಲ್ಲಿ ಕೂತು ಇದೇ ಕಾರ್ಡುಗಳನ್ನು ಹೋಲಿಸಿದರೆ ಉತ್ತರ ಬೇರೆಯೇ ಬರುತ್ತೆ. ಅದು ಯಾಕೆ ಅಂತ ನೋಡೋಣ.

ಮೊದಲು ಬೆಲೆ

2025ರ ಜನವರಿಯಲ್ಲಿ ಎನ್‌ವಿಡಿಯಾ ಆರ್‌ಟಿಎಕ್ಸ್ 50 ಸರಣಿಯನ್ನು ಘೋಷಿಸಿದಾಗ ಭಾರತಕ್ಕೆ ಹೇಳಿದ ಆರಂಭಿಕ ಬೆಲೆಗಳು ಇವು. ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನೂ ಇಟ್ಟಿದ್ದೇನೆ. 2025-26ರಲ್ಲಿ ಮೆಕ್ಕೆಜೋಳದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಆ ಬೆಲೆಯಲ್ಲಿ ಒಂದೊಂದು ಕಾರ್ಡಿಗೆ ಎಷ್ಟು ಕ್ವಿಂಟಲ್ ಮಾರಬೇಕು ಎಂಬುದು ಆ ಲೆಕ್ಕ.

- ಆರ್‌ಟಿಎಕ್ಸ್ 5090: 2,14,000 ರೂ., 32 ಜಿಬಿ ಮೆಮೊರಿ, 575 ವ್ಯಾಟ್. 89 ಕ್ವಿಂಟಲ್.
- ಆರ್‌ಟಿಎಕ್ಸ್ 5080: 1,07,000 ರೂ., 16 ಜಿಬಿ, 360 ವ್ಯಾಟ್. 45 ಕ್ವಿಂಟಲ್.
- ಆರ್‌ಟಿಎಕ್ಸ್ 5070 ಟಿಐ: 80,000 ರೂ., 16 ಜಿಬಿ, 300 ವ್ಯಾಟ್. 33 ಕ್ವಿಂಟಲ್.
- ಆರ್‌ಟಿಎಕ್ಸ್ 5070: 59,000 ರೂ., 12 ಜಿಬಿ, 250 ವ್ಯಾಟ್. 25 ಕ್ವಿಂಟಲ್.

ಮಳೆ ನಂಬಿದ ಹೊಲದಲ್ಲಿ ಎಕರೆಗೆ 15 ಕ್ವಿಂಟಲ್ ಬಂತು ಅಂತಿಟ್ಟುಕೊಳ್ಳಿ. ಒಂದು 5090ಗೆ ಆರು ಎಕರೆಯ ಫಸಲು ಬೇಕು. ಅದೂ ಬೀಜ, ಗೊಬ್ಬರ, ಕೂಲಿ ಯಾವುದನ್ನೂ ಕಳೆಯದೆ. 2025ರ ನವೆಂಬರ್‌ನಲ್ಲಿ ಬೆಂಬಲ ಬೆಲೆಯೂ ಸಿಗದೆ ರಾಜ್ಯದ ಮೆಕ್ಕೆಜೋಳ ಬೆಳೆಗಾರರು ಬೀದಿಗಿಳಿದಿದ್ದು ನಿಮಗೆ ನೆನಪಿದ್ದರೆ, ಈ 89 ಕ್ವಿಂಟಲ್ ಲೆಕ್ಕವೂ ಉದಾರವಾಯ್ತು.

ಇದರಲ್ಲಿ ಸರ್ಕಾರದ ಪಾಲೂ ಇದೆ. ಗ್ರಾಫಿಕ್ಸ್ ಕಾರ್ಡಿಗೆ ಶೇ.18 ಜಿಎಸ್‌ಟಿ. 59,000ದ ಕಾರ್ಡಿನಲ್ಲಿ 9,000 ರೂಪಾಯಿ ತೆರಿಗೆ. ಗೇಮ್ ಆಡುವವನು, ಅನಿಮೇಷನ್ ಕಲಿಯುವವಳು, ಎಐ ಮಾದರಿ ತರಬೇತಿ ಮಾಡುವ ವಿದ್ಯಾರ್ಥಿ ಎಲ್ಲರಿಗೂ ಒಂದೇ ದರ.

ಘೋಷಿಸಿದ ಬೆಲೆಗೆ ಕಾರ್ಡ್ ಸಿಗೋದು ಕಷ್ಟ ಎಂಬುದು ಇನ್ನೊಂದು ಮಾತು. ಬಿಡುಗಡೆಯಾದ ಮೊದಲ ತಿಂಗಳುಗಳಲ್ಲಿ ಜಗತ್ತಿನೆಲ್ಲೆಡೆ ಸ್ಟಾಕ್ ಇರಲಿಲ್ಲ, ಅಂಗಡಿಗಳು ಹೆಚ್ಚಿಗೆ ತೆಗೆದುಕೊಂಡವು. ನಮ್ಮ ಸೀಮೆಯವರಿಗಂತೂ ಆನ್‌ಲೈನ್ ಇಲ್ಲವೇ ಬೆಂಗಳೂರಿನ ಎಸ್.ಪಿ. ರೋಡ್. ಕಾರ್ಡ್ ಕೆಟ್ಟರೆ ಸರ್ವಿಸ್‌ಗೂ ದೊಡ್ಡ ಊರಿಗೇ ಕಳಿಸಬೇಕು. ಹಾಗಾಗಿ ತಗೊಳ್ಳುವ ಮುಂಚೆ ವಾರಂಟಿ ಎಷ್ಟು ವರ್ಷ, ಕೊರಿಯರ್ ಖರ್ಚು ಯಾರದ್ದು ಅಂತ ಕೇಳೋದು ಬೆಂಚ್‌ಮಾರ್ಕ್ ನೋಡಿದಷ್ಟೇ ಮುಖ್ಯ.

ಕಾರ್ಡ್ ಮಾಡೋದಾದ್ರೂ ಏನು?

ಕೊಟ್ಟೂರಿನ ತೇರು ನೋಡಿದವರಿಗೆ ಇದನ್ನು ಹೇಳೋದು ಸುಲಭ. ತೇರು ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಅಂತ ನೋಡಿಕೊಳ್ಳುವವರು ಕೆಲವೇ ಮಂದಿ. ಅದು ಸಿಪಿಯು. ಹಗ್ಗ ಹಿಡಿದು ಒಟ್ಟಿಗೆ ಎಳೆಯುವವರು ಸಾವಿರಾರು ಮಂದಿ. ಒಬ್ಬೊಬ್ಬರ ಕೆಲಸ ಸಣ್ಣದು, ಆದರೆ ಎಲ್ಲರೂ ಒಂದೇ ಹೊತ್ತಿಗೆ ಮಾಡಬೇಕು. ಅದು ಜಿಪಿಯು. ಪರದೆಯ ಮೇಲಿನ ಪ್ರತಿ ಚುಕ್ಕೆಗೆ ಯಾವ ಬಣ್ಣ ಅಂತ ಸೆಕೆಂಡಿಗೆ ಅರವತ್ತು ಸಲ, ನೂರು ಸಲ ಲೆಕ್ಕ ಹಾಕುವ ಕೆಲಸ ಇದರದ್ದು.

5090ರಲ್ಲಿ ಹೀಗೆ ಎಳೆಯುವ ಕೈಗಳು, ಅಂದರೆ ಕೋರ್‌ಗಳು, 21,760. 5080ರಲ್ಲಿ 10,752. 5070 ಟಿಐನಲ್ಲಿ 8,960. 5070ರಲ್ಲಿ 6,144.

ಮೆಮೊರಿ ಅಂದರೆ ಕಣ. ಕಣ ದೊಡ್ಡದಿದ್ದರೆ ರಾಶಿ ಪೂರ್ತಿ ಅಲ್ಲೇ ಹಿಡಿಯುತ್ತೆ. ಸಣ್ಣದಾದರೆ ರಾಶಿ ರಸ್ತೆಗೆ ಬರುತ್ತೆ, ಕೆಲಸ ನಿಧಾನ ಆಗುತ್ತೆ. ಗೇಮ್ ಕೇಳುವ ಮೆಮೊರಿ ಕಾರ್ಡಿನಲ್ಲಿ ಇಲ್ಲದಿದ್ದಾಗ ಆಟ ತಡವರಿಸುವುದು ಇದಕ್ಕೇ. ಹೊಸ ಕಾರ್ಡುಗಳಲ್ಲೂ 8 ಜಿಬಿ ಕೊಟ್ಟಿದ್ದಕ್ಕೆ ಎನ್‌ವಿಡಿಯಾ, ಎಎಂಡಿ ಎರಡೂ 2025ರಲ್ಲಿ ವಿಮರ್ಶಕರಿಂದ ಬೈಸಿಕೊಂಡಿದ್ದು ಇದೇ ಕಾರಣಕ್ಕೆ.

ದುಪ್ಪಟ್ಟು ಬೆಲೆಗೆ ದುಪ್ಪಟ್ಟು ವೇಗ ಬರುತ್ತಾ?

ಬರಲ್ಲ. ಸ್ವತಂತ್ರ ಪರೀಕ್ಷೆಗಳ ಒಟ್ಟು ಸಾರ ಹೇಳೋದಾದರೆ, 4ಕೆ ಪರದೆಯಲ್ಲಿ 5090 ತನ್ನ ಕೆಳಗಿನ 5080ಗಿಂತ ಸರಿಸುಮಾರು ಒಂದೂವರೆ ಪಟ್ಟು ವೇಗ. ಬೆಲೆ ಮಾತ್ರ ಎರಡು ಪಟ್ಟು. 2022ರಲ್ಲಿ ಬಂದ 4090ಗೆ ಹೋಲಿಸಿದರೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮುಂದೆ. ಆದರೆ 4090 ಕುಡಿಯುತ್ತಿದ್ದದ್ದು 450 ವ್ಯಾಟ್, ಇದು 575. ಅಂದರೆ ವೇಗದ ಒಂದು ದೊಡ್ಡ ಪಾಲು ಬಂದಿರೋದು ಹೆಚ್ಚು ಕರೆಂಟಿನಿಂದ.

5080 ಮತ್ತು 5070 ಟಿಐ ನಡುವಿನ ವ್ಯತ್ಯಾಸ ಇನ್ನೂ ಸಣ್ಣದು, ಶೇ.15ರ ಆಸುಪಾಸು. ಅದಕ್ಕೆ 27,000 ಹೆಚ್ಚು. ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿ 2025ರ ಮಾರ್ಚ್‌ನಲ್ಲಿ 599 ಡಾಲರ್‌ಗೆ ಬಂತು. 16 ಜಿಬಿ, 304 ವ್ಯಾಟ್. ಸಾಮಾನ್ಯ ಗೇಮ್‌ಗಳಲ್ಲಿ ಅದು 749 ಡಾಲರಿನ 5070 ಟಿಐಗೆ ಹತ್ತಿರ ಹತ್ತಿರ ನಿಲ್ಲುತ್ತೆ. ಬೆಳಕಿನ ಪ್ರತಿಯೊಂದು ಕಿರಣವನ್ನೂ ಲೆಕ್ಕ ಹಾಕುವ ಪಾತ್ ಟ್ರೇಸಿಂಗ್ ಆನ್ ಮಾಡಿದಾಗ ಹಿಂದೆ ಬೀಳುತ್ತೆ.

ಇನ್ನು ಮುಖ್ಯವಾದ ಪ್ರಶ್ನೆ: ನಿಮ್ಮ ಮಾನಿಟರ್ ಯಾವುದು? 1080ಪಿ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕೆಗಳು. 1440ಪಿಯಲ್ಲಿ 37 ಲಕ್ಷ. 4ಕೆಯಲ್ಲಿ 83 ಲಕ್ಷ. 1080ಪಿ ಪರದೆಗೆ 5090 ಹಾಕಿದರೆ ಎಳೆಯುವ ಕೈಗಳು ಖಾಲಿ ನಿಂತು, ದಾರಿ ತೋರಿಸುವ ಸಿಪಿಯುಗಾಗಿ ಕಾಯ್ತಾ ಇರುತ್ತವೆ. ಆಗ ಎರಡು ಲಕ್ಷದ ಕಾರ್ಡಿಗೂ ಎಂಬತ್ತು ಸಾವಿರದ ಕಾರ್ಡಿಗೂ ಕಣ್ಣಿಗೆ ಕಾಣುವ ಅಂತರ ಅಷ್ಟಿಷ್ಟೇ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2, ಜಿಟಿಎ 5 ಆಡುವವರಿಗೆ ಈ ಪಟ್ಟಿಯ ಯಾವ ಕಾರ್ಡೂ ಬೇಕಿಲ್ಲ. ಅದಕ್ಕಿಂತ ಕಡಿಮೆಯದ್ದೇ ಧಾರಾಳ.

"5070 ಅಂದ್ರೆ 4090" ಎಂಬ ಕಾರಣಿಕ

ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಪ್ಪ ಬಿಲ್ಲೇರಿ ಒಂದು ಸಾಲು ನುಡಿಯುತ್ತಾರೆ. ಕೆಳಗೆ ನಿಂತ ಲಕ್ಷಾಂತರ ಜನ ಅದಕ್ಕೆ ಮಳೆ, ಬೆಳೆ, ಸರ್ಕಾರ ಅಂತ ತಮತಮಗೆ ಬೇಕಾದ ಅರ್ಥ ಹಚ್ಚುತ್ತಾರೆ. 2025ರ ಜನವರಿಯಲ್ಲಿ ಲಾಸ್ ವೇಗಸ್‌ನ ವೇದಿಕೆ ಮೇಲಿಂದ ಎನ್‌ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್ ಹೇಳಿದ ಒಂದು ಸಾಲಿಗೂ ಹಾಗೇ ಆಯ್ತು. 549 ಡಾಲರಿನ 5070, 1,599 ಡಾಲರಿನ 4090ರಷ್ಟು ಕೆಲಸ ಮಾಡುತ್ತೆ ಅಂದರು. ಜನ ಚಪ್ಪಾಳೆ ಹೊಡೆದರು. ಎಐ ಇಲ್ಲದೆ ಇದು ಸಾಧ್ಯವಿರಲಿಲ್ಲ ಅಂತಲೂ ಅವರೇ ಸೇರಿಸಿದರು. ಚಪ್ಪಾಳೆಯಲ್ಲಿ ಆ ಮಾತು ಕೇಳಿಸಲಿಲ್ಲ.

ಅದರ ಒಳಗುಟ್ಟು ಇಷ್ಟೇ. ಡಿಎಲ್‌ಎಸ್‌ಎಸ್ 4 ಎಂಬ ತಂತ್ರ ಎರಡು ಕೆಲಸ ಮಾಡುತ್ತೆ. ಒಂದು, ಗೇಮನ್ನು ಸಣ್ಣ ಗಾತ್ರದಲ್ಲಿ ಚಿತ್ರಿಸಿ ಎಐ ಮೂಲಕ ದೊಡ್ಡದು ಮಾಡುವುದು. ನಾಲ್ಕರಲ್ಲಿ ಒಂದು ಚುಕ್ಕೆ ಮಾತ್ರ ನಿಜವಾಗಿ ಲೆಕ್ಕ ಹಾಕಿದ್ದು. ಎರಡು, ಒಂದು ನಿಜವಾದ ಫ್ರೇಮಿಗೆ ಮೂರು ಊಹೆಯ ಫ್ರೇಮ್ ಸೇರಿಸುವುದು. ಅಲ್ಲಿಯೂ ನಾಲ್ಕರಲ್ಲಿ ಒಂದು. ಎರಡನ್ನೂ ಗುಣಿಸಿ: ಪರದೆ ಮೇಲಿನ 16 ಚುಕ್ಕೆಗಳಲ್ಲಿ 15 ಎಐ ಮಾಡಿದ್ದು.

ಇದು ಮೋಸ ಅಂತ ಹೇಳ್ತಿಲ್ಲ. ಮೊದಲನೆಯದು, ಅಂದರೆ ಚಿತ್ರ ಹಿಗ್ಗಿಸುವುದು, ನಿಜಕ್ಕೂ ಉಪಯೋಗದ್ದು. ಸೈಬರ್‌ಪಂಕ್ 2077 ಅನ್ನು 4ಕೆಯಲ್ಲಿ ಪಾತ್ ಟ್ರೇಸಿಂಗ್ ಜೊತೆ ಓಡಿಸಿದರೆ ಎರಡು ಲಕ್ಷದ 5090 ಕೂಡ ಈ ಸಹಾಯ ಇಲ್ಲದೆ ಸೆಕೆಂಡಿಗೆ 30 ಫ್ರೇಮಿನ ಆಸುಪಾಸಲ್ಲೇ ಒದ್ದಾಡುತ್ತೆ. ಎರಡನೆಯದರಲ್ಲಿ ಮಾತ್ರ ಎಚ್ಚರ ಬೇಕು. ಊಹೆಯ ಫ್ರೇಮಿಗೆ ನಿಮ್ಮ ಮೌಸ್ ಗೊತ್ತಿಲ್ಲ. ನೀವು ಗುಂಡು ಹಾರಿಸಿದ್ದು ಮುಂದಿನ ನಿಜವಾದ ಫ್ರೇಮಿನಲ್ಲೇ ಲೆಕ್ಕಕ್ಕೆ ಬರೋದು. ನೋಡೋಕೆ ನುಣುಪು, ಕೈಗೆ ಮಂದ. ಮೂಲ ವೇಗ 60 ಇದ್ದರೆ ಇದು ಚೆನ್ನ. ಮೂಲವೇ 25 ಇದ್ದು ತೋರಿಸೋದು 100 ಆದರೆ ಅದು ಕಾಗದದ ಮೇಲಿನ ನೂರು. ಸ್ವತಂತ್ರ ಪರೀಕ್ಷೆಯಲ್ಲಿ 5070 ನಿಂತಿದ್ದು 4090 ಪಕ್ಕದಲ್ಲಲ್ಲ. ಹಿಂದಿನ ತಲೆಮಾರಿನ 4070 ಸೂಪರ್ ಪಕ್ಕದಲ್ಲಿ.

ಜಾಹೀರಾತಿನ ಗ್ರಾಫ್ ನೋಡುವಾಗ ಒಂದೇ ಪ್ರಶ್ನೆ ಕೇಳಿ: ಎರಡೂ ಕಂಬಗಳನ್ನು ಒಂದೇ ಅಳತೆಯಲ್ಲಿ ಅಳೆದಿದ್ದಾರಾ? ಚುನಾವಣೆ ಕಾಲದ ಅಂಕಿಅಂಶಕ್ಕೂ ನಾವು ಕೇಳುವ ಪ್ರಶ್ನೆ ಇದೇ ತಾನೆ.

ಕರೆಂಟ್ ಬಿಲ್ಲು, ಗೃಹಜ್ಯೋತಿ ಮತ್ತು ಏಪ್ರಿಲ್ ತಿಂಗಳ ಸೆಕೆ

ಯಾವ ವಿಮರ್ಶೆಯಲ್ಲೂ ಸಿಗದ ಲೆಕ್ಕ ಇದು. 5090 ಇರುವ ಪಿಸಿ, ಮಾನಿಟರ್ ಸೇರಿ, ಗೇಮ್ ಓಡುವಾಗ 750 ವ್ಯಾಟ್ ಎಳೆಯುತ್ತೆ ಅಂತಿಟ್ಟುಕೊಳ್ಳಿ. ದಿನಕ್ಕೆ ನಾಲ್ಕು ತಾಸು ಆಡಿದರೆ ತಿಂಗಳಿಗೆ 90 ಯೂನಿಟ್. 5070 ಇರುವ ಪಿಸಿಗೆ 400 ವ್ಯಾಟ್ ಹಿಡಿದರೆ 48 ಯೂನಿಟ್.

ಗೃಹಜ್ಯೋತಿಯ ನಿಯಮ ನಿಮಗೆ ಗೊತ್ತಿರುವುದೇ. 2022-23ರ ನಿಮ್ಮ ಸರಾಸರಿ ಬಳಕೆಗೆ ಶೇ.10 ಸೇರಿಸಿ ಅಷ್ಟು ಯೂನಿಟ್ ಉಚಿತ. ಅದನ್ನು ಮೀರಿ 200ರೊಳಗೆ ಬಳಸಿದರೆ ಹೆಚ್ಚುವರಿಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ.

ಸರಾಸರಿ 120 ಯೂನಿಟ್ ಬಳಸುವ ಮನೆ ತಗೊಳ್ಳಿ. ಉಚಿತ ಮಿತಿ 132. ಅಲ್ಲಿಗೆ 5070 ಬಂದರೆ ಬಳಕೆ 168. ಹೆಚ್ಚುವರಿ 36 ಯೂನಿಟ್‌ಗೆ, ಯೂನಿಟ್‌ಗೆ ಸುಮಾರು 6 ರೂಪಾಯಿಯಂತೆ, 216 ರೂ. ಅದೇ ಮನೆಗೆ 5090 ಬಂದರೆ ಬಳಕೆ 210. ಮಿತಿ ದಾಟಿತು. ಈಗ 210 ಯೂನಿಟ್‌ಗೂ ಬಿಲ್ಲು: 1,260 ರೂ., ಸ್ಥಿರ ಶುಲ್ಕ, ತೆರಿಗೆ ಬೇರೆ. ಮಗ ಕೊಂಡ ಕಾರ್ಡು ಇಡೀ ಮನೆಯ ಗೃಹಜ್ಯೋತಿಯನ್ನು ಆರಿಸಿತು ಅಂದಂಗಾಯ್ತು. ಅಡುಗೆಮನೆಯ ಮಿಕ್ಸಿ, ಅಜ್ಜಿಯ ಫ್ಯಾನು ಎಲ್ಲವೂ ಆ ಬಿಲ್ಲಿನೊಳಗೆ.

ಇದರ ಜೊತೆಗೆ ಇನ್ನೂ ಮೂರು ಸಂಗತಿ.

ಒಂದು, ಪವರ್ ಸಪ್ಲೈ. 5090ಗೆ ಎನ್‌ವಿಡಿಯಾ ಹೇಳುವುದು 1,000 ವ್ಯಾಟ್. 5080ಗೆ 850, 5070 ಟಿಐಗೆ 750, 5070ಗೆ 650. ಇದರಲ್ಲಿ ಉಳಿತಾಯ ಮಾಡಕ್ಕೆ ಹೋಗಬೇಡಿ. 4090 ಕಾಲದಿಂದಲೂ ಹೊಸ ಮಾದರಿಯ 16 ಪಿನ್ ಕನೆಕ್ಟರ್ ಕರಗಿದ ಪ್ರಕರಣಗಳು ವರದಿಯಾಗಿವೆ, 5090ಯಲ್ಲೂ ಆಗಿವೆ. ಕೇಬಲ್ ಪೂರ್ತಿ ಒಳಗೆ ಕೂತಿದೆಯೇ ಅಂತ ಎರಡು ಸಲ ನೋಡಬೇಕು.

ಎರಡು, ಯುಪಿಎಸ್. ಮನೆಗಳಲ್ಲಿ ಸಾಮಾನ್ಯವಾಗಿ ಇರೋ 600 ವಿಎ ಯುಪಿಎಸ್ ಕೊಡೋದು ಸುಮಾರು 360 ವ್ಯಾಟ್. ಗೇಮ್ ಮಧ್ಯೆ ಕರೆಂಟ್ ಹೋದರೆ 5090 ಪಿಸಿಯನ್ನು ಅದು ಒಂದು ಕ್ಷಣವೂ ಹೊರಲ್ಲ. ಪಂಪ್‌ಸೆಟ್ ಚಾಲೂ ಆದ ಹೊತ್ತಿಗೆ ವೋಲ್ಟೇಜ್ ಬೀಳೋ ಊರುಗಳಲ್ಲಿ ಇದು ಸಣ್ಣ ವಿಷಯ ಅಲ್ಲ.

ಮೂರು, ಸೆಕೆ. ಕಾರ್ಡು ಕುಡಿದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ಕೋಣೆಗೇ ಬರುತ್ತೆ. ಹೊರಗೆ 40 ಡಿಗ್ರಿ, ಮೇಲೆ ತಗಡು, ಒಳಗೆ ಮುಕ್ಕಾಲು ಕಿಲೋವ್ಯಾಟಿನ ಹೀಟರ್. ಏಪ್ರಿಲ್‌ನಲ್ಲಿ ಕೂಡ್ಲಿಗಿಯಲ್ಲಿ ಕೂತು ಆಡಿ ನೋಡಿ.

ಯಾಕಿಷ್ಟು ದುಬಾರಿ? ಗಿರಾಕಿ ನಾವಲ್ಲ

ಇಲ್ಲಿಂದ ಮಾತು ರಾಜಕೀಯಕ್ಕೆ ಬರುತ್ತೆ. 2020ರ ಜನವರಿಗೆ ಮುಗಿದ ಹಣಕಾಸು ವರ್ಷದಲ್ಲಿ ಎನ್‌ವಿಡಿಯಾದ ಆದಾಯ ಸುಮಾರು 1,090 ಕೋಟಿ ಡಾಲರ್. ಅದರಲ್ಲಿ ಅರ್ಧದಷ್ಟು ಗೇಮಿಂಗ್‌ನಿಂದ ಬಂದಿದ್ದು. 2025ರ ಜನವರಿಗೆ ಮುಗಿದ ವರ್ಷದಲ್ಲಿ ಆದಾಯ 13,050 ಕೋಟಿ ಡಾಲರ್. ಅದರಲ್ಲಿ ಡೇಟಾ ಸೆಂಟರ್ 11,520 ಕೋಟಿ, ಗೇಮಿಂಗ್ 1,135 ಕೋಟಿ. ಅಂದರೆ ಶೇ.9ಕ್ಕೂ ಕಡಿಮೆ.

ಗೇಮರ್‌ಗಳ ದುಡ್ಡಿನಿಂದ ಬೆಳೆದ ಕಂಪನಿಗೆ ಈಗ ಗೇಮರ್ ಎಂದರೆ ಸಂತೆಯ ಕೊನೆಯ ಗಿರಾಕಿ. ತೈವಾನಿನ ಟಿಎಸ್‌ಎಂಸಿ ಕಾರ್ಖಾನೆಯಲ್ಲಿ ಎಐ ಚಿಪ್ಪೂ ಅಲ್ಲೇ, ಗೇಮಿಂಗ್ ಚಿಪ್ಪೂ ಅಲ್ಲೇ. ಯಾವುದರಲ್ಲಿ ಲಾಭ ಹೆಚ್ಚೋ ಅದಕ್ಕೆ ಮೊದಲ ಪಾಳಿ. ಮೆಮೊರಿಯ ಕಥೆಯೂ ಅದೇ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಸಾಮಾನ್ಯ ಗ್ರಾಹಕರಿಗೆ ರ‍್ಯಾಮ್, ಎಸ್‌ಎಸ್‌ಡಿ ಮಾರುತ್ತಿದ್ದ ಕ್ರೂಷಿಯಲ್ ವ್ಯವಹಾರದಿಂದಲೇ ಹೊರಬರುವುದಾಗಿ ಹೇಳಿತು. ಕಾರಣ, ಡೇಟಾ ಸೆಂಟರ್‌ಗಳ ಬೇಡಿಕೆ.

ಕಾರ್ಡು ಈಗ ದೇಶದೇಶಗಳ ಜಗಳದ ವಸ್ತುವೂ ಹೌದು. 2023ರ ಅಕ್ಟೋಬರ್‌ನಲ್ಲಿ ಅಮೆರಿಕ ಬಿಗಿ ಮಾಡಿದ ರಫ್ತು ನಿಯಮದಿಂದ 4090 ಎಂಬ ಗೇಮಿಂಗ್ ಕಾರ್ಡು ಚೀನಾಕ್ಕೆ ಹೋಗದಂತಾಯ್ತು. 2025ರ ಜನವರಿಯ ನಿಯಮದಲ್ಲಿ ಎಐ ಚಿಪ್ಪಿಗೆ ಮಿತಿ ಇರುವ ದೇಶಗಳ ಸಾಲಿಗೆ ಭಾರತವನ್ನೂ ಹಾಕಿದ್ದರು. ಮೇ ತಿಂಗಳಲ್ಲಿ ಆ ನಿಯಮ ಹಿಂದಕ್ಕೆ ಪಡೆದರು. ಎರಡೂ ತೀರ್ಮಾನ ವಾಷಿಂಗ್ಟನ್‌ನಲ್ಲೇ ಆದವು.

ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 10,372 ಕೋಟಿಯ ಇಂಡಿಯಾ ಎಐ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. 38,000 ಜಿಪಿಯುಗಳನ್ನು ಸಬ್ಸಿಡಿ ದರದಲ್ಲಿ, ಗಂಟೆಗೆ ಸರಾಸರಿ 65 ರೂಪಾಯಿಗೆ, ಸ್ಟಾರ್ಟಪ್, ಸಂಶೋಧಕರು, ವಿದ್ಯಾರ್ಥಿಗಳಿಗೆ ಕೊಡುವುದಾಗಿ ಹೇಳಿದೆ. ರಾಜ್ಯ ಸರ್ಕಾರ 2024ರಲ್ಲಿ ಅನಿಮೇಷನ್, ಗೇಮಿಂಗ್, ಕಾಮಿಕ್ಸ್ ವಲಯಕ್ಕೆ ಐದು ವರ್ಷದ ಹೊಸ ನೀತಿ ತಂದು 30,000 ಉದ್ಯೋಗದ ಗುರಿ ಇಟ್ಟಿದೆ. ಆ ವಲಯದ ಉತ್ಕೃಷ್ಟತಾ ಕೇಂದ್ರ ಇರೋದು ಬೆಂಗಳೂರಿನಲ್ಲಿ. ಕೊಟ್ಟೂರಿನ ಹುಡುಗ ಬ್ಲೆಂಡರ್ ಕಲಿಯಬೇಕು ಅಂದರೆ ಅಪ್ಪನ ಮೆಕ್ಕೆಜೋಳವೇ ಗತಿ.

ಮನೆಯಲ್ಲಿ "ಗೇಮಿಂಗ್" ಅಂದ ತಕ್ಷಣ ಹಿರಿಯರು ಮುಖ ಸಿಂಡರಿಸುವುದೂ ಸಹಜವೇ. ಅವರ ಕಣ್ಣಿಗೆ ಬರುವುದು ಆನ್‌ಲೈನ್ ರಮ್ಮಿ. 2025ರ ಆಗಸ್ಟ್‌ನ ಕೇಂದ್ರ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ. ಈ ವ್ಯತ್ಯಾಸವನ್ನು ಮನೆಯವರಿಗೆ ಹೇಳಿಕೊಡೋದು ನಮ್ಮದೇ ಕೆಲಸ.

ಹಂಗಾದ್ರೆ ಏನು ತಗೋಬೇಕು?

ಹುಡುಗನಿಗೆ ನಾನು ಹೇಳಿದ್ದು ಇಷ್ಟು. 4ಕೆ ಮಾನಿಟರ್ ಇಲ್ಲದವರಿಗೆ 5090, 5080 ಎರಡೂ ದಂಡ. 1440ಪಿಯಲ್ಲಿ ಬರೀ ಗೇಮ್ ಆಡೋದಾದರೆ 9070 ಎಕ್ಸ್‌ಟಿ ನೋಡು. ಗೇಮೂ ಬೇಕು, ಬ್ಲೆಂಡರ್ ಅಥವಾ ಎಐ ಕೆಲಸವೂ ಬೇಕು ಅಂದರೆ 5070 ಟಿಐ, ಯಾಕಂದರೆ ಅಂಥ ತಂತ್ರಾಂಶಗಳು ಹೆಚ್ಚಾಗಿ ಎನ್‌ವಿಡಿಯಾದ ಕುಡಾಗೆ ಒಗ್ಗಿಕೊಂಡಿವೆ. ಇದು ಒಂದೇ ಕಂಪನಿಯ ಹಿಡಿತ, ಒಳ್ಳೆಯದಲ್ಲ, ಆದರೆ ಸದ್ಯದ ವಾಸ್ತವ. ನಿನ್ನ ಮಾನಿಟರ್ 1080ಪಿ ಆಗಿದ್ದು, ಈಗಷ್ಟೇ ಕಲಿಯುತ್ತಿದ್ದರೆ 5060 ಟಿಐನ 16 ಜಿಬಿ ಮಾದರಿ ಸಾಕು, 180 ವ್ಯಾಟ್. 8 ಜಿಬಿಯದ್ದು ಮಾತ್ರ ಬೇಡ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಲ್ಲು, ವಾರಂಟಿ ನೋಡಿ, ಎದುರಿಗೆ ಅರ್ಧ ತಾಸು ಓಡಿಸಿ ತಗೋ. ಹಿಂದೆ ಕ್ರಿಪ್ಟೊ ಗಣಿಗಾರಿಕೆಯಲ್ಲಿ ದುಡಿದು ಸವೆದ ಕಾರ್ಡುಗಳು ಇನ್ನೂ ಕೈಬದಲಾಗ್ತಾ ಇವೆ.

ಆದರೆ ಈ ಪ್ರಶ್ನೆಗೆ ಒಬ್ಬೊಬ್ಬರೇ ಜೇಬಿನಿಂದ ಉತ್ತರ ಕೊಡಬೇಕಾ? ಈ ಐದೂ ತಾಲೂಕು ಈಗ ವಿಜಯನಗರ ಜಿಲ್ಲೆಯಲ್ಲಿವೆ, ಐದಕ್ಕೂ 371(ಜೆ) ಅನ್ವಯ. ಹರಪನಹಳ್ಳಿಯವರಂತೂ ದಾವಣಗೆರೆಯಿಂದ ಬಳ್ಳಾರಿಗೆ ಮರಳಲು, ಈ ಸವಲತ್ತು ಪಡೆಯಲು ವರ್ಷಗಟ್ಟಲೆ ಹೋರಾಡಿದವರು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ರಾಜ್ಯ ಬಜೆಟ್ ವರ್ಷಕ್ಕೆ 5,000 ಕೋಟಿ ಘೋಷಿಸುತ್ತೆ. 16 ಜಿಬಿ ಕಾರ್ಡಿರುವ ಒಂದು ಪಿಸಿಗೆ ಎಲ್ಲ ಸೇರಿ 1.25 ಲಕ್ಷ ಹಿಡಿಯಿರಿ. ತಾಲೂಕಿಗೆ ಹತ್ತು ಪಿಸಿಯ ಒಂದು ಲ್ಯಾಬ್ ಅಂದರೆ 12.5 ಲಕ್ಷ. ಐದು ತಾಲೂಕಿಗೆ 62.5 ಲಕ್ಷ. 5,000 ಕೋಟಿಯಲ್ಲಿ ಅದು ಶೇ.0.0125. ಸರ್ಕಾರಿ ಪದವಿ ಕಾಲೇಜಿನ ಒಂದು ಕೋಣೆ, ನೆಟ್ ಸಂಪರ್ಕ, ಸಂಜೆ ಎಂಟರವರೆಗೆ ಬಾಗಿಲು ತೆಗೆದಿಡುವ ಒಬ್ಬರು. ಇಷ್ಟಿದ್ದರೆ ಮನೆಯಲ್ಲಿ ಪಿಸಿ ಕೊಳ್ಳಲಾಗದ ಹುಡುಗಿಯರೂ ಕಲಿಯಬಹುದು. ನಮ್ಮ ಕಡೆ ಪಿಸಿಗೆ ರೊಕ್ಕ ಕೇಳುವ ಧೈರ್ಯ ಇರೋದು ಹೆಚ್ಚಾಗಿ ಗಂಡುಹುಡುಗರಿಗೇ, ಅದನ್ನೂ ಮರೀಬಾರದು.

ಮುಂದಿನ ಸಲ ನಿಮ್ಮ ಶಾಸಕರು ಕಾಲೇಜಿಗೆ ಬಂದಾಗ ಈ ಲೆಕ್ಕದ ಚೀಟಿಯನ್ನು ಕೈಗಿಡಿ. ಉತ್ತರ ಏನು ಬಂತು ಅಂತ ನಮಗೂ ಬರೆಯಿರಿ.

ಕೊಟ್ಟೂರಿನ ಹುಡುಗ ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿದ್ದ. "ಅಣ್ಣಾ, 5060 ಟಿಐ ತಗಳ್ಳೋದು ಅಂತ ಮಾಡೀನಿ. ಉಳಿದದ್ದನ್ನ ಅಪ್ಪಗ ವಾಪಸ್ ಕೊಡ್ತೀನಿ. ಆದ್ರ ಮೆಕ್ಕೆಜೋಳ ಇನ್ನೂ ಮಾರಿಲ್ಲ, ರೇಟ್ ಏಳಲಿ ಅಂತ ಕಾಯ್ತಾ ಕುಂತೀವಿ."